ಸೊಲ್‌ಪತ್‌ನಲ್ಲಿ ಇಟ್ಟ ಭೋಗ್ಯದ ಹಣ

ಯುನ್ಹಾ ಒಂದು ದಿನ ಪೇಟೆಗೆ ಬರಲಿಲ್ಲ. ಆಗಿದ್ದು ಇಷ್ಟೇ. ಇಷ್ಟಕ್ಕೆ ಇಡೀ ಪೇಟೆ ಎದ್ದು ಕುಣಿಯುತ್ತದೆ ಅಂತ ಅವಳ ಹಲ್ಲು ಕಿತ್ತ ಡಾಕ್ಟರಿಗೆ ಗೊತ್ತಿದ್ದರೆ ಆ ಹಲ್ಲನ್ನು ಇನ್ನೊಂದು ವಾರ ಅವಳ ಬಾಯಲ್ಲೇ ಬಿಟ್ಟಿರುತ್ತಿದ್ದನೋ ಏನೋ.

ಯುನ್ಹಾ ನಮ್ಮ ಸೊಲ್‌ಪತ್ ಸಹಕಾರಿ ಬ್ಯಾಂಕಿನ ಹುಡುಗಿ. ಹುಡುಗಿ ಅಂತ ನಾವು ಅನ್ನುವುದು, ನಲವತ್ತು ದಾಟಿದ್ದಾಳೆ. ಮಧ್ಯಾಹ್ನ ಮೂರಾಯಿತೆಂದರೆ ಕೈಗಾಡಿ ಎಳೆದುಕೊಂಡು ಪೇಟೆಗೆ ಬರುತ್ತಾಳೆ. ಮೀನಿನವಳಿಂದ ಹಿಡಿದು ಕಾಲುಚೀಲ ಮಾರುವವನ ತನಕ ಎಲ್ಲರೂ ಅವತ್ತಿನ ವ್ಯಾಪಾರದ ದುಡ್ಡನ್ನು ಅವಳ ಚೀಲಕ್ಕೆ ಹಾಕುತ್ತೇವೆ. ಅವಳು ಚೀಟಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋಗುತ್ತಾಳೆ. ಅಂಗಡಿ ಬಿಟ್ಟು ನಾವು ಬ್ಯಾಂಕಿಗೆ ಹೋಗಲಾಗುವುದಿಲ್ಲ, ಅದಕ್ಕೆ ಬ್ಯಾಂಕೇ ನಮ್ಮ ಹತ್ತಿರ ಬರುತ್ತದೆ. ನನ್ನ ಪಲ್ಯದಂಗಡಿಯಲ್ಲಿ ನಿಂತು, ಸೋಯಾ ರಸದಲ್ಲಿ ಬೇಯಿಸಿದ ತಾವರೆ ಗೆಡ್ಡೆಯ ಒಂದು ಹೋಳು ಬಾಯಿಗೆ ಹಾಕಿಕೊಳ್ಳದೆ ಅವಳು ಹೋದದ್ದೇ ಇಲ್ಲ. ನಮ್ಮ ಈ ದೇಗು ಊರಿನ ಬಿಸಿಲಿಗೆ ಮೀನಿನವಳ ಐಸೇ ನೀರಾಗಿ ಹರಿಯುತ್ತಿದ್ದರೂ ಅವಳು ಬಂದಿದ್ದಾಳೆ.

ಆ ಸೋಮವಾರ ಮೂರಾಯಿತು, ನಾಲ್ಕಾಯಿತು, ಅವಳ ಸುಳಿವಿಲ್ಲ. ಅವತ್ತೇ ಬೆಳಿಗ್ಗೆ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು. ಊರ ಹೊರಗೆ ಮೂರು ದೊಡ್ಡ ಅಪಾರ್ಟ್‌ಮೆಂಟು ಕಟ್ಟಿ, ಕೊಳ್ಳುವವರಿಲ್ಲದೆ ಕೂತಿದ್ದ ಬಿಲ್ಡರ್ ಒಬ್ಬ ಸಾಲ ತೀರಿಸಲಾಗುವುದಿಲ್ಲ ಅಂತ ಕೈ ಎತ್ತಿದ್ದಾನೆ, ಅವನಿಗೆ ಸಾಲ ಕೊಟ್ಟವರಲ್ಲಿ ಸೊಲ್‌ಪತ್ ಕೂಡ ಇದೆ ಅಂತ. ಬೆಳಿಗ್ಗೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಯುನ್ಹಾ ಬರದೆ ಹೋದಾಗ ಎದುರು ಸಾಲಿನ ಮೀನಿನವಳು ಎರಡನ್ನೂ ಸೇರಿಸಿ ಗಂಟು ಹಾಕಿದಳು. ಐದು ಗಂಟೆಯ ಹೊತ್ತಿಗೆ ಸೊಲ್‌ಪತ್ ಮುಳುಗಿದೆ, ಯುನ್ಹಾ ಮುಖ ತೋರಿಸಲಾಗದೆ ತವರಿಗೆ ಹೋಗಿದ್ದಾಳೆ ಅಂತ ಪೇಟೆಯ ತುಂಬಾ ಮಾತಾಯಿತು. ಬ್ಯಾಂಕಿಗೆ ಫೋನ್ ಮಾಡಿದವರಿಗೆ ಲೈನ್ ಸಿಗಲಿಲ್ಲ. ಎಲ್ಲರೂ ಒಟ್ಟಿಗೇ ಮಾಡಿದರೆ ಹೇಗೆ ಸಿಗಬೇಕು? ಆದರೆ ಅವತ್ತು ಹಾಗೆ ಯೋಚಿಸುವಷ್ಟು ಬುದ್ಧಿ ನನಗೂ ಇರಲಿಲ್ಲ.

ನಾನು ಅಲ್ಲಿಟ್ಟದ್ದು ನನ್ನ ದುಡ್ಡಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅದು ನಾರೆಯದು.

ನಾರೆ ನಮ್ಮ ಮಹಡಿ ಮನೆಯಲ್ಲಿ ಇದ್ದವಳು. ನಾಲ್ಕು ವರ್ಷದ ಹಿಂದೆ ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಭೋಗ್ಯಕ್ಕೆ ಬಂದಳು. ತಿಂಗಳ ಬಾಡಿಗೆ ಅಂತ ಇಲ್ಲ, ಬರುವಾಗ ಹದಿಮೂರೂವರೆ ಕೋಟಿ ವೊನ್ ಕೊಟ್ಟಿದ್ದಳು, ಹೋಗುವಾಗ ಅಷ್ಟನ್ನೂ ನಾನು ವಾಪಸು ಕೊಡಬೇಕು. ಈಗ ಅವಳು ಹಿಂದಿನ ಓಣಿಯ ಗುಕ್ ಅಜ್ಜನ ಹಳೇ ಮನೆಯನ್ನು ಕೊಂಡಿದ್ದಳು. ಮುಂಗಡ ಎರಡು ಕೋಟಿ ಕೊಟ್ಟಾಗಿತ್ತು. ಬಾಕಿಗೆ ಈ ಭೋಗ್ಯದ ಹಣವೇ; ಅದನ್ನು ಶುಕ್ರವಾರ ಮಧ್ಯಾಹ್ನದೊಳಗೆ ಕೊಟ್ಟು ಕೀಲಿಕೈ ತೆಗೆದುಕೊಳ್ಳಬೇಕು, ತಪ್ಪಿದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ. ಆ ಎರಡು ಕೋಟಿ ಗಂಡಹೆಂಡತಿ ನಾಲ್ಕು ವರ್ಷ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು. ಶುಕ್ರವಾರವೇ ಯಾಕೆಂದರೆ ಅದು ಯಾವ ದಿಕ್ಕಿನಲ್ಲೂ ದೆವ್ವದ ಓಡಾಟ ಇಲ್ಲದ ದಿನ. ಮನೆ ಬದಲಾಯಿಸುವವರೆಲ್ಲ ಅದೇ ದಿನಕ್ಕೆ ಮುಗಿಬೀಳುತ್ತಾರೆ, ಲಾರಿಯವರು ಒಂದೂವರೆ ಪಟ್ಟು ಬಾಡಿಗೆ ಕೇಳುತ್ತಾರೆ. ನಾರೆಯ ಅಮ್ಮ ಮೂರು ತಿಂಗಳ ಮೊದಲೇ ಆ ದಿನವನ್ನು ಹಿಡಿದಿಟ್ಟಿದ್ದಳು.

ಸಾಮಾನ್ಯವಾಗಿ ಹೊಸದಾಗಿ ಬರುವವರ ಭೋಗ್ಯದ ಹಣವನ್ನು ಹಳಬರಿಗೆ ಕೊಟ್ಟು ಕಳಿಸುತ್ತೇವೆ. ಈಗ ಹೊಸಬರು ಬರುತ್ತಿರಲಿಲ್ಲ. ಬಡ್ಡಿ ಏರಿದ ಮೇಲೆ ಅಷ್ಟು ಸಾಲ ಎತ್ತುವವರು ಯಾರು? ಎಲ್ಲರಿಗೂ ತಿಂಗಳ ಬಾಡಿಗೆಯೇ ಬೇಕು. ಪುಣ್ಯಕ್ಕೆ ನಾರೆಯ ದುಡ್ಡು ನಾನು ಮುಟ್ಟಿರಲಿಲ್ಲ. ಹೋದ ವರ್ಷ ಸೊಲ್‌ಪತ್‌ನವರು ಆರು ಪರ್ಸೆಂಟ್ ಬಡ್ಡಿ ಕೊಡುತ್ತೇವೆ ಅಂದಾಗ ಸರಿಯಾಗಿ ಈ ಶುಕ್ರವಾರಕ್ಕೆ ಮುಗಿಯುವ ಹಾಗೆ ಅಲ್ಲಿ ಇಟ್ಟಿದ್ದೆ. ಬ್ಯಾಂಕು ಮುಳುಗಿದರೆ ಒಂದು ಹೆಸರಿಗೆ ಐದು ಕೋಟಿಯ ತನಕ ಮಾತ್ರ ಖಾತ್ರಿ ಅಂತ ಕಾನೂನು, ಅದಕ್ಕೆ ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ಒಡೆದು ಮೂರು ಹೆಸರಿಗೆ ಹಾಕಿದ್ದೆ: ನನ್ನದು, ಗಂಡನದು, ಅತ್ತೆಯದು. ಇಷ್ಟು ಜಾಣತನ ಮಾಡಿದ್ದೇನೆ, ಇನ್ನೇನು ಭಯ ಅಂದುಕೊಂಡಿದ್ದೆ.

ನನ್ನ ಗಂಡ ಮಾನ್‌ಸಿಕ್ ಟ್ಯಾಕ್ಸಿ ಓಡಿಸುತ್ತಾರೆ. ದಿನವಿಡೀ ಕಿವಿಯಲ್ಲಿ ಷೇರುಪೇಟೆಯ ಪಂಡಿತರ ವಿಡಿಯೋ. ಅವತ್ತು ಊಟಕ್ಕೆ ಕೂತಾಗ ನಾನು ಕೇಳಿದೆ:

"ಬಡ್ಡಿ ಏರಿದ್ರೆ ಬ್ಯಾಂಕಿಗೆ ಒಳ್ಳೇದಲ್ವೇನ್ರೀ? ಮತ್ತೆ ಯಾಕೆ ಬೀಳುತ್ತೆ?"

"ಏರಿದ್ದಕ್ಕೇ ಬೀಳೋದು ಕಣೇ."

ಸಿಯೋಲ್‌ನ ಕೇಂದ್ರ ಬ್ಯಾಂಕಿನವರು ಎರಡು ವರ್ಷದಿಂದ ಬಡ್ಡಿ ಏರಿಸುತ್ತಲೇ ಇದ್ದಾರಂತೆ, ಬೆಲೆ ಇಳಿಯಲಿ ಅಂತ. ಬಡ್ಡಿ ಏರಿದ್ದಕ್ಕೆ ಜನ ಮನೆ ಕೊಳ್ಳುವುದು ಬಿಟ್ಟರಂತೆ. ಮನೆ ಮಾರಿ ಹೋಗದ್ದಕ್ಕೆ ಬಿಲ್ಡರ್ ಕಂತು ಕಟ್ಟಲಿಲ್ಲವಂತೆ. ಅವನು ಕಟ್ಟದಿದ್ದರೂ ಬ್ಯಾಂಕು ನಮಗೆ ಆರು ಪರ್ಸೆಂಟ್ ಕೊಡಲೇಬೇಕಂತೆ. ಬೇರೆ ಏನಾದರೂ ಮಾರಿ ದುಡ್ಡು ಹೊಂದಿಸೋಣ ಅಂದರೆ ಬ್ಯಾಂಕಿನ ಹತ್ತಿರ ಇರುವ ಬಾಂಡುಗಳೆಲ್ಲ ಕಡಿಮೆ ಬಡ್ಡಿಯ ಕಾಲದವು, ಈಗ ಅವುಗಳನ್ನು ಕೇಳುವವರಿಲ್ಲವಂತೆ. ಹಾಗಾದರೆ ಅಷ್ಟು ಬಡ್ಡಿ ಕೊಡುತ್ತೇವೆ ಅಂತ ಯಾಕೆ ಬೋರ್ಡು ಹಾಕಿದರು ಅಂತ ಕೇಳಿದೆ. ದುಡ್ಡು ಸಾಲದೆ ಬಂದಿತ್ತು, ಅದಕ್ಕೇ ಹಾಕಿದರು ಅಂದರು. ಅಂದರೆ ಆ ಆರು ಪರ್ಸೆಂಟು ಜ್ವರ. ನಾನು ಅದನ್ನು ಮೈಕೈ ತುಂಬಿಕೊಂಡ ಲಕ್ಷಣ ಅಂದುಕೊಂಡಿದ್ದೆ. ಮೂಲಂಗಿ ಕಿಮ್ಚಿ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ಕೂತೆ.

ಮಂಗಳವಾರ ಅತ್ತೆಯನ್ನೂ ಕಟ್ಟಿಕೊಂಡು ಮೂವರೂ ಸೊಲ್‌ಪತ್‌ಗೆ ಹೋದೆವು. ಹೆಸರಿನವರೇ ಬಂದು ಗುರುತಿನ ಚೀಟಿ ತೋರಿಸಿದರೆ ಮಾತ್ರ ದುಡ್ಡು. ಸಾಲು ಬಾಗಿಲು ದಾಟಿ, ಔಷಧಿ ಅಂಗಡಿ ದಾಟಿ, ಬಸ್ ನಿಲ್ದಾಣದ ತನಕ ಹೋಗಿತ್ತು. ಕೌಂಟರಿನಲ್ಲಿ ಕೂತವಳು ಯುನ್ಹಾನೇ. ಕೆನ್ನೆ ಊದಿತ್ತು, ಕಣ್ಣು ಕೆಂಪಗಿತ್ತು, ಬಾಯಲ್ಲಿ ಹತ್ತಿ. ನಿನ್ನೆ ಹಲ್ಲು ಕೀಳಿಸಿಕೊಂಡೆ, ಅದಕ್ಕೇ ಬರಲಿಲ್ಲ ಅಂತ ಅವಳು ಎಲ್ಲರಿಗೂ ತೊದಲುತ್ತಾ ಹೇಳುತ್ತಿದ್ದಳು. ಯಾರು ನಂಬುತ್ತಾರೆ? ರಾತ್ರಿಯಿಡೀ ಅತ್ತಿದ್ದಾಳೆ, ನೋಡಿ ಮುಖ ಹೇಗಾಗಿದೆ ಅಂತ ಸಾಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸುದ್ದಿ ಹೋಯಿತು. ಸಾಲು ಇನ್ನಷ್ಟು ಬೆಳೆಯಿತು.

ನನ್ನ ಠೇವಣಿ ಮುರಿಸಿದೆ, ಗಂಡ ಅವರದನ್ನು ಮುರಿಸಿದರು. ಮೂರು ದಿನ ಮೊದಲು ಮುರಿಸಿದ್ದಕ್ಕೆ ವರ್ಷದ ಬಡ್ಡಿ ಅಷ್ಟೂ ಹೋಯಿತು. ಅಸಲು ಕೈಗೆ ಬಂದರೆ ಸಾಕು ಅಂತ ದೊಡ್ಡ ಬ್ಯಾಂಕಿನ ಖಾತೆಗೆ ಕಳಿಸಿದೆವು. ಆಮೇಲೆ ಅತ್ತೆಯ ಸರದಿ. ಯುನ್ಹಾ ನಿಯಮದ ಪ್ರಕಾರ ಅವರನ್ನೇ ಕೇಳಿದಳು, ತೆಗೆಯಬೇಕೇ ಅಂತ.

"ನಾನು ತೆಗೆಯಲ್ಲ," ಅಂದರು ಅತ್ತೆ.

ಹುಡುಗಿ ಅತ್ತೂ ಅತ್ತೂ ಸೊರಗಿದ್ದಾಳೆ, ನೀವೆಲ್ಲ ಸೇರಿ ಅವಳನ್ನು ಹರಿದು ತಿನ್ನಲು ಬಂದಿದ್ದೀರಿ, ನಿಮಗೆ ನಾಚಿಕೆಯಾಗಬೇಕು ಅಂದರು. ಎಂಬತ್ತಾರು ವರ್ಷದ ದನಿ, ಇಡೀ ಬ್ಯಾಂಕಿಗೆ ಕೇಳಿಸಿತು. ಅದು ನಿಮ್ಮ ದುಡ್ಡಲ್ಲ ಅತ್ತೆ, ನಾರೆಯದು ಅಂತ ನಾನು ಕಿವಿಯಲ್ಲಿ ಹೇಳಿದೆ. ಮತ್ತೆ ನನ್ನ ಹೆಸರು ಯಾಕೆ ಬರೆಸಿದೆ ಅಂದರು. ಹಿಂದಿನವರು ಮುಂದೆ ಹೋಗಿ, ಮುಂದೆ ಹೋಗಿ ಅಂತ ತಳ್ಳುತ್ತಿದ್ದರು. ಅತ್ತೆಯ ಪಾಲು ಅಲ್ಲೇ ಉಳಿಯಿತು.

ಬುಧವಾರ ಗಾಳಿಯೇ ತಿರುಗಿತು. ಟಿವಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಬಂದು ಯಾವ ಸಹಕಾರಿ ಬ್ಯಾಂಕಿನಲ್ಲೂ ಒಂದು ವೊನ್ ಕೂಡ ಹೋಗುವುದಿಲ್ಲ, ಎಲ್ಲವೂ ಸುರಕ್ಷಿತ ಅಂದ. ಹೆದರಿ ಠೇವಣಿ ಮುರಿಸಿದವರು ವಾರದೊಳಗೆ ವಾಪಸು ಇಟ್ಟರೆ ಮುರಿಸಲೇ ಇಲ್ಲ ಅಂತ ಲೆಕ್ಕ ಹಿಡಿದು ಹಳೇ ಬಡ್ಡಿಯನ್ನೇ ಕೊಡುತ್ತಾರಂತೆ. ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತಿದ್ದ ಮೀನಿನವಳು ಎಲ್ಲರಿಗಿಂತ ಮೊದಲು ವಾಪಸು ಇಟ್ಟು ಬಂದಳು. ಅತ್ತೆ ಊಟದ ಮುಂದೆ ಕೂತು ನನ್ನ ಮುಖವನ್ನೇ ನೋಡುತ್ತಾ ಕಡಲ ಸೊಪ್ಪಿನ ಸಾರು ಸುರಿದು ಕುಡಿದರು.

ಗಂಡ ಫೋನಿನಲ್ಲಿ ಕುಟ್ಟಿ ಕುಟ್ಟಿ ಲೆಕ್ಕ ಹಾಕಿದರು. ಇಬ್ಬರ ಬಡ್ಡಿ ಸೇರಿ ಐವತ್ತನಾಲ್ಕು ಲಕ್ಷ ವೊನ್. ಶುಕ್ರವಾರಕ್ಕೆ ಇನ್ನು ಎರಡೇ ದಿನ, ಇಂದು ಇಟ್ಟು ನಾಡಿದ್ದು ಬೆಳಿಗ್ಗೆ ತೆಗೆದರೆ ಅಷ್ಟೂ ನಮ್ಮದು. ಐವತ್ತನಾಲ್ಕು ಲಕ್ಷಕ್ಕೆ ನಾನು ಎಷ್ಟು ಬಟ್ಟಲು ತಾವರೆ ಗೆಡ್ಡೆ ಮಾರಬೇಕು ಅಂತ ಯೋಚಿಸಿದೆ. ಯೋಚಿಸಬಾರದಿತ್ತು. ಸಂಜೆಯೊಳಗೆ ಎರಡೂ ಪಾಲು ವಾಪಸು ಸೊಲ್‌ಪತ್‌ಗೆ ಹೋದವು.

ಮೆಟ್ಟಿಲ ಹತ್ತಿರ ನಾರೆ ಸಿಕ್ಕಳು. ನಮ್ಮಲ್ಲಿ ಹುಡುಗಿಯರು ಪೇಟೆಯ ಹೆಂಗಸರನ್ನು ಚಿಕ್ಕಮ್ಮ ಅಂತಲೇ ಕರೆಯುವುದು. ಶುಕ್ರವಾರ ತೊಂದರೆ ಏನೂ ಆಗುವುದಿಲ್ಲ ತಾನೇ ಚಿಕ್ಕಮ್ಮ ಅಂತ ಕೇಳಿದಳು. ನೀನು ಸುಮ್ಮನೆ ಪೆಟ್ಟಿಗೆ ಕಟ್ಟು ಅಂದೆ.

ಗುರುವಾರ ಬೆಳಿಗ್ಗೆ ಸಿಯೋಲ್‌ನಲ್ಲಿ ಕೇಂದ್ರ ಬ್ಯಾಂಕಿನವರು ಬಡ್ಡಿಯ ಸಭೆಗೆ ಕೂತರು. ಹತ್ತು ಗಂಟೆಗೆ ಸುದ್ದಿ ಬಂತು: ಈ ಸಲ ಬಡ್ಡಿ ಏರಿಸುವುದಿಲ್ಲ, ಇಳಿಸುವುದೂ ಇಲ್ಲ, ಇದ್ದ ಹಾಗೇ ಇರಲಿ. ಏನೂ ಮಾಡಲಿಲ್ಲ ಅನ್ನುವುದೂ ಒಂದು ಸುದ್ದಿಯೇ? ಆದರೆ ಷೇರುಗಳು ಜಿಗಿದವು. ಬ್ಯಾಂಕುಗಳ ಷೇರು ಎಲ್ಲಕ್ಕಿಂತ ಹೆಚ್ಚು ಜಿಗಿದವಂತೆ. ಗಂಡ ಟ್ಯಾಕ್ಸಿಯನ್ನು ಅಂಗಡಿ ಮುಂದೆ ತಂದು ನಿಲ್ಲಿಸಿ, ತಾನೇ ಬಡ್ಡಿ ನಿಲ್ಲಿಸಿದ ಹಾಗೆ ಎದೆ ಉಬ್ಬಿಸಿಕೊಂಡು ಇಳಿದರು.

"ಯಾಕೆ ಏರಿಸಲಿಲ್ವಂತೆ?" ಅಂದೆ.

"ಬ್ಯಾಂಕುಗಳು ಅಲ್ಲಾಡ್ತಿವೆಯಲ್ಲ, ಅದಕ್ಕೆ."

"ಬ್ಯಾಂಕುಗಳು ಅಲ್ಲಾಡ್ತಿವೆ ಅಂತ ಬ್ಯಾಂಕಿನ ಷೇರು ಮೇಲೆ ಹೋಯ್ತಾ?"

"ಹೂಂ."

"ಹಾಗಾದ್ರೆ ಅಲ್ಲಾಡೋದು ಒಳ್ಳೇದಾ, ಕೆಟ್ಟದ್ದಾ?"

ಅವರು ಎರಡೂ ಹೌದು ಅಂದರು. ಕೈಯಲ್ಲಿದ್ದ ಸೌಟಿನಿಂದ ತಲೆಗೆ ಒಂದು ಕುಟ್ಟಬೇಕು ಅನ್ನಿಸಿತು. ಗಿರಾಕಿಗಳಿದ್ದರು, ಬಿಟ್ಟೆ. ಆದರೂ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಯಾಕೆ ಮುಖ ಗಂಟು ಹಾಕಿಕೊಂಡಿರಲಿ ಅಂತ ಅವತ್ತು ನಾನೂ ನಕ್ಕೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮೂವರ ಫೋನಿಗೂ ಒಟ್ಟಿಗೆ ಬ್ಯಾಂಕಿನ ಮೆಸೇಜು ಬಂತು. ಸೊಲ್‌ಪತ್ ಸಹಕಾರಿಯನ್ನು ಪಕ್ಕದ ವಾರ್ಡಿನ ದೊಡ್ಡ ಸಹಕಾರಿ ಬ್ಯಾಂಕಿನ ಜೊತೆ ಸೇರಿಸಲಾಗಿದೆ. ಖಾತೆಗಳನ್ನು ವರ್ಗಾಯಿಸುವ ಕೆಲಸ ಇರುವುದರಿಂದ ಇಂದು ಯಾವ ವ್ಯವಹಾರವೂ ಇಲ್ಲ. ಸೋಮವಾರದಿಂದ ಎಂದಿನಂತೆ. ತಮ್ಮ ಠೇವಣಿ ಸಂಪೂರ್ಣ ಸುರಕ್ಷಿತ.

ನಾನು ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಜೊತೆಯದು ಹಾಕಿಕೊಂಡು ಓಡಿದೆ. ಬ್ಯಾಂಕಿನ ಕದ ಕೆಳಗೆ ಎಳೆದಿತ್ತು. ಮುಂದೆ ಯುನ್ಹಾ ನಿಂತು ಬಂದವರಿಗೆಲ್ಲ ತಲೆಬಾಗಿ ಸಮಾಧಾನ ಹೇಳುತ್ತಿದ್ದಳು.

"ಚಿಕ್ಕಮ್ಮ, ಏನೂ ಭಯ ಬೇಡ. ದುಡ್ಡು ಸೇಫಾಗಿದೆ."

"ನಂಗೆ ಸೇಫ್ ಬೇಡ ಕಣೇ. ದುಡ್ಡು ಬೇಕು. ಇವತ್ತು ಬೇಕು."

ಅವಳು ನನ್ನ ಕೈ ಹಿಡಿದುಕೊಂಡಳು. ಕಂಪ್ಯೂಟರೇ ನಿಂತಿದೆ, ಒಳಗೆ ಕೂತ ದೊಡ್ಡವರಿಗೂ ಸೋಮವಾರದ ತನಕ ಒಂದು ವೊನ್ ಈಚೆ ತೆಗೆಯಲು ಬರುವುದಿಲ್ಲ ಅಂದಳು. ಈ ಸಲ ನಿಜವಾಗಿ ಅಳುತ್ತಿದ್ದಳು. ಇಷ್ಟೆಲ್ಲ ದಿನ ದುಡ್ಡು ಇದೆ, ದುಡ್ಡು ಇಲ್ಲ ಎನ್ನುವ ಎರಡೇ ಮಾತು ಕೇಳಿದ್ದೆ. ಇದೆ, ಆದರೆ ಇಲ್ಲ ಅನ್ನುವ ಮೂರನೆಯದೂ ಒಂದಿದೆ ಅಂತ ಆಗ ಗೊತ್ತಾಯಿತು. ಬೈಯಲು ಹೋದವಳು ಹಾಗೇ ವಾಪಸು ಬಂದೆ.

ಮನೆಯ ಮುಂದೆ ಆಗಲೇ ಲಾರಿ ನಿಂತು, ಅದರ ಏಣಿ ಮಹಡಿಯ ಕಿಟಕಿಗೆ ಹತ್ತಿತ್ತು. ನಾರೆಯ ಹಾಸಿಗೆ, ಫ್ರಿಜ್ಜು, ಬಟ್ಟೆಯ ಪೆಟ್ಟಿಗೆಗಳು ಅದರ ಮೇಲೆ ಜಾರಿ ಕೆಳಗೆ ಬರುತ್ತಿದ್ದವು. ಹೊಸ ಮನೆಯೊಳಗೆ ಎಲ್ಲಕ್ಕಿಂತ ಮೊದಲು ಅನ್ನದ ಕುಕ್ಕರ್ ಹೋಗಬೇಕು ಅನ್ನುವುದು ನಮ್ಮ ಪದ್ಧತಿ, ಅದನ್ನು ಯಾರ ಕೈಗೂ ಕೊಡದೆ ನಾರೆ ಎದೆಗೆ ಅವುಚಿಕೊಂಡು ನಿಂತಿದ್ದಳು. ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ.

"ಮಂಗಳವಾರ ತೆಗೆದ್ರಲ್ಲ ಚಿಕ್ಕಮ್ಮ," ಅಂದಳು. "ಬ್ಯಾಂಕಿಂದ ಹೊರಗೆ ಬರೋದು ನೋಡಿದ್ದೆ. ನೋಡಿ ನಿಶ್ಚಿಂತೆಯಾಗಿದ್ದೆ."

"ಬುಧವಾರ ವಾಪಸ್ ಇಟ್ಟೆ."

ಅವಳು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಐವತ್ತನಾಲ್ಕು ಲಕ್ಷ ಅಂತ ಹೇಳಬೇಕಾಗುತ್ತಿತ್ತು. ಅವಳ ಗಂಡ ಲಾರಿಯವರಿಗೆ ಸ್ವಲ್ಪ ನಿಲ್ಲಿಸಿ ಅಂದ. ಬಟ್ಟೆ ಒಣಗಿಸುವ ಚೌಕಟ್ಟು ಏಣಿಯ ನಡುವಿನಲ್ಲೇ ನಿಂತಿತು. ಅಳುತ್ತಾ ಕೂತರೆ ಮಧ್ಯಾಹ್ನ ಆಗಿಹೋಗುತ್ತದೆ, ಬಾ ಅಂತ ನಾರೆಯ ತೋಳು ಹಿಡಿದು ಹಿಂದಿನ ಓಣಿಗೆ ಎಳೆದುಕೊಂಡು ಹೋದೆ. ಕುಕ್ಕರನ್ನು ಅವಳು ಆಗಲೂ ಕೆಳಗಿಡಲಿಲ್ಲ.

ಗುಕ್ ಅಜ್ಜನಿಗೆ ಎಪ್ಪತ್ತೊಂಬತ್ತು. ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಾಯ್ಲರ್ ನೋಡಿಕೊಂಡು ಬದುಕಿದವರು. ಹೆಂಡತಿ ಹೋದ ಮೇಲೆ ಪೊಹಾಂಗ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಖಾಲಿ ಮನೆಯ ಹೊಸ್ತಿಲ ಮೇಲೆ ಎರಡು ಚೀಲ ಇಟ್ಟುಕೊಂಡು ಕೂತಿದ್ದರು. ನಾನು ಎಲ್ಲವನ್ನೂ ಹೇಳಿ, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೊಡುತ್ತೇನೆ, ಈ ಮಗುವಿನ ಮುಂಗಡ ಮುಳುಗಿಸಬೇಡಿ ಅಂತ ಕೈ ಜೋಡಿಸಿದೆ.

"ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂದ್ರಿ? ಸೊಲ್‌ಪತ್‌ನಲ್ಲಾ?"

"ಹೌದು ಅಜ್ಜ."

"ನಾನೂ ಇವತ್ತು ಅದನ್ನ ತಗೊಂಡು ಹೋಗಿ ಸೊಲ್‌ಪತ್‌ನಲ್ಲೇ ಇಡೋಣ ಅಂತಿದ್ದೆ."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಪೊಹಾಂಗ್‌ನಲ್ಲಿ ತನಗೆ ಯಾವ ಬ್ಯಾಂಕಿನವರ ಪರಿಚಯವೂ ಇಲ್ಲ, ಇಲ್ಲಾದರೆ ಯುನ್ಹಾ ಇದ್ದಾಳೆ, ಬಡ್ಡಿಯೂ ಜಾಸ್ತಿ ಅಂದರು. ಅಂದರೆ ಆ ದುಡ್ಡು ಬೆಳಿಗ್ಗೆ ಸೊಲ್‌ಪತ್‌ನಿಂದ ಹೊರಟು, ನನ್ನ ಕೈಯಿಂದ ನಾರೆಯ ಕೈಗೆ, ನಾರೆಯ ಕೈಯಿಂದ ಅಜ್ಜನ ಕೈಗೆ ಹೋಗಿ, ಸಂಜೆಯ ಹೊತ್ತಿಗೆ ಮತ್ತೆ ಸೊಲ್‌ಪತ್‌ಗೇ ಬಂದು ಕೂರುವುದಿತ್ತು. ಅದರ ಹಿಂದೆ ನಾವು ಐದು ದಿನ ಅನ್ನನೀರು ಬಿಟ್ಟು ಓಡಿದ್ದೆವು.

"ಕೀಲಿಕೈ ಕೊಡ್ತೀನಿ," ಅಂದರು ಅಜ್ಜ. "ದುಡ್ಡು ಅಲ್ಲೇ ಇರ್ಲಿ, ಸೋಮವಾರ ನನ್ನ ಹೆಸರಿಗೆ ಬರೆಸಿದ್ರಾಯ್ತು. ಆದ್ರೆ ಒಂದು ಮಾತು ಹೇಳಿ ಪಲ್ಯದಮ್ಮ. ಅಲ್ಲಿ ಇಡಬಹುದಾ?"

"ನನ್ನ ಯಾಕೆ ಕೇಳ್ತೀರ ಅಜ್ಜ?"

"ನಾನು ನೋಡ್ತಿದ್ದೆನಲ್ಲ. ಎಲ್ರೂ ಹೆದರೋ ಹೊತ್ತಿಗೆ ತೆಗೆದ್ರಿ. ಸರಿಹೋಯ್ತು ಅನ್ನೋ ಹೊತ್ತಿಗೆ ವಾಪಸ್ ಇಟ್ರಿ. ತಿಳ್ಕೊಂಡೇ ಮಾಡಿರ್ತೀರ. ನಂಗೆ ಈ ಟಿವಿಯವ್ರು ಹೇಳೋದು ಒಂದೂ ತಲೆಗೆ ಹೋಗಲ್ಲ."

ತಿಳಿದುಕೊಂಡು ಮಾಡಿದವಳು ನಾನು! ನನಗೆ ಏನು ಗೊತ್ತಿತ್ತು? ಬಡ್ಡಿ ಏರಿದರೆ ಬೀಳುವ ಬ್ಯಾಂಕು ಬಡ್ಡಿ ನಿಂತರೆ ಏಳುತ್ತದೆಯೋ ಇಲ್ಲವೋ, ಮುಳುಗಿದ್ದನ್ನು ತೇಲುವುದಕ್ಕೆ ಕಟ್ಟಿದರೆ ಎರಡೂ ತೇಲುತ್ತವೋ ಎರಡೂ ಮುಳುಗುತ್ತವೋ, ನನಗೆ ತಲೆಬುಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಒಂದು ಹೆಸರಿಗೆ ಐದು ಕೋಟಿಯ ತನಕ ಮಾತ್ರ ಖಾತ್ರಿ. ನನ್ನ ಹತ್ತಿರ ಮೂರು ಹೆಸರಿದ್ದವು. ಅವರ ಹತ್ತಿರ ಇದ್ದದ್ದು ಒಂದೇ. ಅಳಿಯನನ್ನು ಅವರು ನಂಬುತ್ತಿರಲಿಲ್ಲ, ಅದಕ್ಕೆ ಮಗಳ ಹೆಸರಿಗೂ ಹಾಕುವವರಲ್ಲ. ಜೀವಮಾನದ ದುಡಿಮೆ, ಹದಿಮೂರೂವರೆ ಕೋಟಿ ಅಷ್ಟನ್ನೂ ಒಂದೇ ಹೆಸರಿನಲ್ಲಿ ಇಡಲು ಹೊರಟಿದ್ದ ಅಜ್ಜ ನನ್ನ ಬಾಯಿ ನೋಡುತ್ತಾ ಕೂತಿದ್ದರು. ಬೆನ್ನ ಹಿಂದೆ ನಾರೆ ಕುಕ್ಕರ್ ಹಿಡಿದು ನಿಂತಿದ್ದಳು.

ಗೊತ್ತಿಲ್ಲ ಅಜ್ಜ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಡಿ ಅಜ್ಜ," ಅಂದೆ. "ಏನೂ ಆಗಲ್ಲ."

ಟಿವಿಯಲ್ಲಿ ಬಂದ ಅಧಿಕಾರಿಯ ದನಿಯ ಹಾಗೇ ಇತ್ತು ನನ್ನ ದನಿ. ಅಜ್ಜ ಜೇಬಿನಿಂದ ಕೀಲಿಕೈ ತೆಗೆದು ನಾರೆಗೆ ಕೊಟ್ಟರು. ಅವಳು ಕುಕ್ಕರನ್ನು ಒಂದು ಕಂಕುಳಿಗೆ ಸರಿಸಿ ಎರಡೂ ಕೈ ಚಾಚಿ ತೆಗೆದುಕೊಂಡಳು. ಸೋಮವಾರ ಬ್ಯಾಂಕು ಬಾಗಿಲು ತೆಗೆಯಿತು. ದುಡ್ಡು ಅಲ್ಲೇ ಉಳಿಯುತ್ತದೆ ಅಂದಾಗ ಅತ್ತೆಯೂ ಒಪ್ಪಿದರು, ಯುನ್ಹಾ ಮೂರು ಹೆಸರಿನಿಂದ ತೆಗೆದು ಒಂದು ಹೆಸರಿಗೆ ಹಾಕಿದಳು, ನಮ್ಮ ಬಡ್ಡಿ ನಮಗೆ ಬಂತು. ಸಹಿ ಹಾಕಲು ಬಂದಿದ್ದ ಅಜ್ಜ ಮಗಳ ಮನೆಗೆ ವಾಪಸು ಹೋಗುವ ಮೊದಲು ಅಂಗಡಿಗೆ ಬಂದು ನನ್ನ ಫೋನ್ ನಂಬರ್ ಬರೆದುಕೊಂಡು ಹೋದರು.

ಈಗಲೂ ಸಿಯೋಲ್‌ನಲ್ಲಿ ಬಡ್ಡಿಯ ವಿಷಯಕ್ಕೆ ಕೂತ ದಿನ, ಹತ್ತು ಹೊಡೆಯುವ ಮೊದಲೇ ಪೊಹಾಂಗ್‌ನಿಂದ ಫೋನ್ ಬರುತ್ತದೆ. "ಇವತ್ತು ಕೂತಿದ್ದಾರಂತಲ್ಲ ಪಲ್ಯದಮ್ಮ. ತೆಗೀಲಾ, ಬಿಡ್ಲಾ?" ನಾನು ಗಂಡನ ಮುಖ ನೋಡುತ್ತೇನೆ. ಅವರು ಇಳಿಸಿದರೂ ಒಳ್ಳೆಯದೇ, ಇಳಿಸದಿದ್ದರೂ ಒಳ್ಳೆಯದೇ ಅನ್ನುತ್ತಾರೆ.

"ಇರ್ಲಿ ಬಿಡಿ ಅಜ್ಜ," ಅನ್ನುತ್ತೇನೆ.

"ನೀವು ಹೇಳಿದ್ಮೇಲೆ ಮುಗೀತು," ಅಂತ ಅವರು ಫೋನ್ ಇಡುತ್ತಾರೆ. ನಾನು ಗಿರಾಕಿಗಳನ್ನು ಅಲ್ಲೇ ಬಿಟ್ಟು, ಸೊಲ್‌ಪತ್‌ನ ಬಾಗಿಲು ತೆರೆದಿದೆಯೋ ಇಲ್ಲವೋ ಅಂತ ಬೀದಿಯ ಕೊನೆಯ ತನಕ ಹೋಗಿ ನೋಡಿಕೊಂಡು ಬರುತ್ತೇನೆ.